ಪಂದ್ಯಕ್ಕಿಲ್ಲದ ಎಲೆಗಳು

ಮಾರ್ಚ್ 4, ಬುಧವಾರ

ಬೈಯೋಣವೆಂದರೆ ಮನೆಯಲ್ಲಿ ಯಾರೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಇದು ನಮ್ಮ ಪ್ರೆಸ್ಸಿನಲ್ಲಿ ಸ್ಯಾಂಪಲ್ಲಿಗೆಂದು ಹೊಲಿದ ಹಳೆಯ ಡೈರಿ. ಇಸವಿ ಬೇರೆ, ವಾರ ಹೊಂದುವುದಿಲ್ಲ. ಅಚ್ಚಾದ ವಾರವನ್ನು ಹೊಡೆದುಹಾಕಿ ಸರಿಯಾದದ್ದನ್ನು ನಾನೇ ಬರೆದುಕೊಂಡಿದ್ದೇನೆ. ಓದಿದ್ದು ಆರನೇ ಕ್ಲಾಸು. ತಪ್ಪಿದ್ದರೆ ಇರಲಿ.

ಬೆಳಗ್ಗೆ ಎಂಟಕ್ಕೆ ಹಂಸ ಲ್ಯಾಬಿಗೆ ಹೊರಟಳು. ಇಂದಿರಾನಗರದಲ್ಲಿ ಜನರ ರಕ್ತ ತೆಗೆಯುವುದು ಅವಳ ಕೆಲಸ. ಹೊರಗಿನಿಂದ ಬೀಗ ಹಾಕಿಕೊಂಡು ಹೋದಳು. ಹೆತ್ತ ಅಪ್ಪನನ್ನು ಒಳಗಿಟ್ಟು ಬೀಗ.

ಡಿಸೆಂಬರಿನಲ್ಲಿ ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಬಿದ್ದೆ. ಬಲತೊಡೆಯ ಮೂಳೆ ಮುರಿದು ರಾಡು ಹಾಕಿದರು. ಹೋದ ತಿಂಗಳು ಹೇಳದೆ ಕೇಳದೆ ವಾಕರ್ ಹಿಡಿದು ಮೆಟ್ಟಿಲಿಳಿಯಲು ಹೋಗಿ ಎರಡನೇ ಮಹಡಿಯಲ್ಲಿ ಮೆಟ್ಟಿಲ ಮುಂದಿನ ಚೌಕದಲ್ಲಿ ಮತ್ತೆ ಬಿದ್ದೆ. ಎರಡು ಗಂಟೆ ಅಲ್ಲೇ ಬಿದ್ದಿದ್ದೆ. ಮೂಳೆಗೇನೂ ಆಗಲಿಲ್ಲ. ಅವತ್ತಿನಿಂದ ಬೀಗ.

ಕಗ್ಗದಾಸಪುರದ ಮೂರನೇ ಮಹಡಿ ಇದು. ಕೆಳಗೆ ರಸ್ತೆ ಮುಟ್ಟಲು ಐವತ್ತೊಂದು ಮೆಟ್ಟಿಲು. ಹಿಂದಿನ ಕಿಟಕಿಗೆ ಪಕ್ಕದ ಕಟ್ಟಡದ ಗೋಡೆ, ಕೈ ಚಾಚಿದರೆ ಸಿಗುತ್ತದೆ. ಮುಂದಿನ ಕಿಟಕಿಗೆ ಕಬ್ಬಿಣದ ಸರಳು, ಆಚೆ ಓಣಿಯಂಥ ಮೊಗಸಾಲೆ, ಅದರಾಚೆ ಎದೆಮಟ್ಟದ ಗೋಡೆ. ರಸ್ತೆ ಕೇಳಿಸುತ್ತದೆ, ಕಾಣುವುದಿಲ್ಲ.

ಮಾರ್ಚ್ 5, ಗುರುವಾರ

ಇನ್ನೊಂದು ಬೀಗದ ಕೈ ಪಕ್ಕದ ರೂಮಿನ ನಂದಿತಾ ಹತ್ತಿರ ಇದೆ. ಮನೆಯಿಂದಲೇ ಕೆಲಸ ಮಾಡುವ ಹುಡುಗಿ. ಕಿಟಕಿಯಿಂದ ಕರೆದು ಕೇಳಿದೆ.

“ಬೆಂಕಿ ಬಿದ್ರೆ ಮಾತ್ರ ತೆಗೀಬೇಕು ಅಂದಿದಾರೆ ಹಂಸಕ್ಕ.”

“ನನ್ನ ಹೊಟ್ಟೇಲಿ ಬಿದ್ದಿದೆ ಬೆಂಕಿ.”

“ಅದಕ್ಕೆ ಮಜ್ಜಿಗೆ ಕೊಡ್ತೀನಿ ತಾತ.”

ಸರಳಿನ ಸಂದಿಯಿಂದ ಲೋಟ ಕೊಟ್ಟಳು. ಕುಡಿದೆ.

ಮಾರ್ಚ್ 9, ಸೋಮವಾರ

ಕರೆಂಟು ಹೋಗಿತ್ತು. ನಂದಿತಾ ಮೊಗಸಾಲೆಯಲ್ಲಿ ನನ್ನ ಕಿಟಕಿಯ ಕೆಳಗೇ ಚಾಪೆ ಹಾಸಿಕೊಂಡು ಕತ್ತರಿಯಲ್ಲಿ ಏನೋ ಕತ್ತರಿಸುತ್ತಿದ್ದಳು. ಒಂದೊಂದು ಮೂಲೆಗೆ ಒಂದೊಂದು ಅಳತೆ. ನಲವತ್ತೆರಡು ವರ್ಷ ಕಟಿಂಗ್ ಮೆಷಿನ್ ಮುಂದೆ ನಿಂತವನು ನಾನು. ಲಗ್ನಪತ್ರಿಕೆಯ ಸಾವಿರ ಕಾರ್ಡು ಒಟ್ಟಿಗೆ ನಿಲ್ಲಿಸಿದರೆ ಇಟ್ಟಿಗೆಯ ಹಾಗೆ ಇರಬೇಕು. ನೋಡಲಾಗಲಿಲ್ಲ.

“ಏನದು, ದನಕ್ಕೆ ಮೇವು ಕತ್ತರಿಸ್ತಿದೀಯಾ?”

“ಟೆಸ್ಟ್ ಕಾರ್ಡ್ಸ್ ತಾತ. ನಮ್ಮ ಆಫೀಸಲ್ಲಿ ಮಾಡೋ ಗೇಮು.”

ಆಟದ ಹೆಸರು ಕೆರೆಕಾಳಗ. ಇಸ್ಪೀಟಿನ ಹಾಗೆ ಎಲೆಗಳು, ಆದರೆ ಒಂದೊಂದರ ಮೇಲೂ ಬೇರೆ ಚಿತ್ರ, ಬೇರೆ ಅಪ್ಪಣೆ. ಪ್ಯಾಕೆಟ್ಟು ಒಡೆಯುವ ತನಕ ಒಳಗೆ ಯಾವುದಿದೆ ಎಂದು ಗೊತ್ತಾಗುವುದಿಲ್ಲವಂತೆ. ಜನ ಕೂಡಿಡುತ್ತಾರಂತೆ, ಅದಲುಬದಲು ಮಾಡಿಕೊಳ್ಳುತ್ತಾರಂತೆ, ಭಾನುವಾರ ಇಂದಿರಾನಗರದ ಹೋಟೆಲಿನಲ್ಲಿ ಕೂತು ಪಂದ್ಯ ಆಡುತ್ತಾರಂತೆ. ಮಾಡಲು ಬೇರೆ ಕೆಲಸವಿಲ್ಲ.

ಅವಳು ಕತ್ತರಿಸುತ್ತಿದ್ದವು ಪಂದ್ಯದ ಎಲೆಗಳಲ್ಲ. ಆಡಿ ನೋಡಲಿಕ್ಕೆಂದು ಮಾಡಿದವು. ಅಪ್ಪಣೆಯನ್ನು ಕಾಗದದ ಮೇಲೆ ಕೈಯಲ್ಲಿ ಬರೆದು, ಕತ್ತರಿಸಿ, ಹಳೆಯ ಎಲೆಗಳ ಮೇಲೆ ಅಂಟಿಸಿದ್ದಾಳೆ. ತಲೆಯ ಮೇಲೆ ಕಪ್ಪು ಪಟ್ಟಿ: ‘ಪ್ರಯೋಗಕ್ಕೆ ಮಾತ್ರ. ಪಂದ್ಯಕ್ಕಿಲ್ಲ.’

“ಸರಿನೋ ತಪ್ಪೋ ಇನ್ನೂ ಗೊತ್ತಿಲ್ಲ ತಾತ ಇವು. ಯಾರಾದ್ರೂ ಆಡಿ ಬೈದ್ರೆ ತಿದ್ತೀವಿ.”

“ಬೈಯೋದಾದ್ರೆ ಇಲ್ಲಿ ಕೊಡು.”

ಮಾರ್ಚ್ 10, ಮಂಗಳವಾರ

ಅರವತ್ತು ಎಲೆ ಬಿಟ್ಟುಹೋಗಿದ್ದಾಳೆ, ಓದಿ ಅರ್ಥವಾಗುತ್ತದೆಯೇ ನೋಡಿ ಎಂದು. ಓದಲು ಮನಸ್ಸೇ ಹೋಗಲಿಲ್ಲ, ಅಂಚು ಅಷ್ಟು ಕೆಟ್ಟದಾಗಿತ್ತು. ಟ್ರಂಕಿನಿಂದ ಸ್ಟೀಲ್ ಸ್ಕೇಲು, ಬ್ಲೇಡು ತೆಗೆದು ಅರವತ್ತನ್ನೂ ಮೂಲೆಮಟ್ಟಕ್ಕೆ ತಂದೆ. ಮಧ್ಯಾಹ್ನ ಊಟ ಮರೆತುಹೋಯಿತು. ಮೂರು ತಿಂಗಳಿಂದ ಕೈಗೆ ಒಂದು ಕೆಲಸ ಇರಲಿಲ್ಲ.

ಜೋಡಿಸಿ ನಿಲ್ಲಿಸಿದೆ. ಇಟ್ಟಿಗೆ.

ಮಾರ್ಚ್ 11, ಬುಧವಾರ

ಆ ಹುಡುಗಿ ಥ್ಯಾಂಕ್ಸ್ ಹೇಳುತ್ತಾಳೆ ಎಂದುಕೊಂಡಿದ್ದೆ. ಎಲೆಗಳನ್ನು ಅಂಗಡಿಯ ಎಲೆಗಳ ಜೊತೆ ಕಲೆಸಿದಳು. ಹೆಬ್ಬೆರಳಿಂದ ಅಂಚು ಸವರಿದಳು. ಮುಖ ಇಳಿಯಿತು.

“ತಾತ, ಎಷ್ಟು ಕತ್ತರಿಸಿದ್ರಿ?”

“ಅಂಚು ನೇರ ಆಗೋಷ್ಟು. ಒಂದು ಮಿಲಿಮೀಟರ್.”

“ಕಣ್ಣು ಮುಚ್ಕೊಂಡು ಹೇಳ್ಬೋದು ಈಗ, ಯಾವ್ದು ಟೆಸ್ಟ್ ಕಾರ್ಡು ಅಂತ! ಮುಟ್ಟಿದ್ರೆ ಸಾಕು. ಕಟ್ಟಿನಲ್ಲಿ ಮುಂದೇನು ಬರುತ್ತೆ ಅಂತ ಗೊತ್ತಾದ್ಮೇಲೆ ಆಟ ಎಲ್ಲಿಂದ ಬರುತ್ತೆ?”

“ಹಾಗಾದ್ರೆ ಆ ಅಂಗಡಿ ಎಲೆಗಳನ್ನೂ ಕೊಡು. ಅವಕ್ಕೂ ಒಂದೊಂದು ಮಿಲಿಮೀಟರ್ ತೆಗೀತೀನಿ.”

ಕಟ್ಟನ್ನು ಎದೆಗವುಚಿಕೊಂಡು ಒಳಗೆ ಓಡಿದಳು. ಎರಡು ದಿನದ ಕೆಲಸ ಹಾಳಾಯಿತಂತೆ.

ನನ್ನ ಕಟಿಂಗಿನಲ್ಲಿ ತಪ್ಪಿಲ್ಲ. ಅಳತೆ ಕೇಳಬೇಕಿತ್ತು, ಅಷ್ಟೆ. ಪ್ರೆಸ್ಸಿನಲ್ಲಿ ಅಳತೆ ಕೇಳದೆ ಒಂದು ಹಾಳೆಯನ್ನೂ ಮುಟ್ಟಿದವನಲ್ಲ ನಾನು. ಮನೆಯಲ್ಲಿ ಕೂತು ಕೂತು ಹೀಗಾಗಿದೆ.

ಮಾರ್ಚ್ 13, ಶುಕ್ರವಾರ

ಏನಿಲ್ಲ. ಗೋಡೆ.

ಮಾರ್ಚ್ 16, ಸೋಮವಾರ

ಅವಳೇ ಬಂದಳು. ಹೊಸ ಹಾಳೆ, ಅಳತೆ ಬರೆದ ಚೀಟಿ: ಅಗಲ ಅರವತ್ತಮೂರು, ಉದ್ದ ಎಂಬತ್ತೆಂಟು. “ಕಟಿಂಗ್ ನಿಮ್ದೇ ಇನ್ಮೇಲೆ. ನನ್ನ ಕೈಯಲ್ಲಿ ಆಗಲ್ಲ.” ಆಗಲ್ಲ ಎಂದು ಒಪ್ಪಿಕೊಂಡಳಲ್ಲ, ಅದು ಒಳ್ಳೆಯದು. ಕತ್ತರಿಸಿಕೊಟ್ಟೆ.

ಆಮೇಲೆ ಆಡಿಸಿದಳು. ಅವಳು ಆಚೆ ಸ್ಟೂಲಿನ ಮೇಲೆ, ನಾನು ಈಚೆ ಕುರ್ಚಿಯ ಮೇಲೆ, ನಡುವೆ ಸರಳು, ಕಿಟಕಿಯ ಕಟ್ಟೆಯ ಮೇಲೆ ಎಲೆಗಳು. ಒಬ್ಬೊಬ್ಬರಿಗೆ ಇಪ್ಪತ್ತು ಹುಣಸೆಬೀಜ. ಅದು ನಮ್ಮ ಕೆರೆಯ ನೀರು. ಯಾರ ಕೆರೆ ಬತ್ತುತ್ತದೋ ಅವರು ಸೋತಂತೆ. ಫ್ಯಾನಿನ ಗಾಳಿಗೆ ಎಲೆ ಹಾರುತ್ತವೆ, ಒಂದು ಕೈಯಲ್ಲಿ ಒತ್ತಿ ಹಿಡಿದೇ ಆಡಬೇಕು.

‘ತೂಬು’ ಎಂಬ ಎಲೆ ಹಾಕಿದಳು. ಅದು ಬಿದ್ದ ಮೇಲೆ ಯಾರು ಬೈದರೂ ಮೂರು ಬೀಜ ನಷ್ಟ.

“ಇದ್ಯಾವ ದರಿದ್ರ ಎಲೆ?” ಎಂದೆ. ಮೂರು ಹೋಯಿತು.

“ಅದು ಬೈಗುಳ ಅಲ್ಲ ಕಣೇ ಕತ್ತೆ.” ಇನ್ನೂ ಮೂರು.

ಐದು ನಿಮಿಷದಲ್ಲಿ ಕೆರೆ ಬತ್ತಿತು. ಅಂಥ ಎಲೆಯನ್ನು ಪಂದ್ಯಕ್ಕೆ ಬಿಡಬಾರದು, ಬರೆದುಕೊ ಎಂದೆ. ಬರೆದುಕೊಂಡಳು.

ಮಾರ್ಚ್ 19, ಗುರುವಾರ. ಯುಗಾದಿ

ಹಂಸ ಮನೆಯಲ್ಲಿದ್ದಳು. ಹೋಳಿಗೆ ಮಾಡಿದಳು. ಕಹಿ ಬಾಯಿಂದ ಬಂತು.

“ವ್ಯಾಯಾಮ ಹೇಳ್ಕೊಡೋನನ್ನ ಮೂರು ಸಲ ಓಡಿಸಿದೀಯ. ನಾಲ್ಕನೇ ಸಲ ಬರಲ್ಲ ಅಂದಿದಾನೆ.”

“‘ಕಾಲೆತ್ತಿ ಅಜ್ಜಾ, ವೆರಿ ಗುಡ್ ಅಜ್ಜಾ’ ಅಂತಾನೆ. ನಾನೇನು ಅಂಗನವಾಡಿ ಮಗುನಾ?”

“ಡಾಕ್ಟ್ರು ದಿನಾ ನಡೀಬೇಕು ಅಂದಿದಾರೆ.”

“ಬೀಗ ಹಾಕಿ ನಡಿ ಅಂದ್ರೆ ಎಲ್ಲಿ ನಡೀಲಿ, ಗೋಡೆ ಮೇಲಾ?”

“ಕಾಲು ಗಟ್ಟಿ ಮಾಡ್ಕೊ, ಬೀಗ ತೆಗೀತೀನಿ. ಅವತ್ತು ನಿನ್ನನ್ನ ಆ ಚೌಕದಲ್ಲಿ ನೋಡಿದೋಳು ನಾನು. ಅಲುಗಾಡ್ತಾ ಇರ್ಲಿಲ್ಲ ನೀನು.”

“ಬೀಗ ತೆಗಿ, ಕಾಲು ತಾನಾಗೇ ಗಟ್ಟಿಯಾಗುತ್ತೆ.”

ಇದು ಬೀಗ ಬಿದ್ದಾಗಿನಿಂದ ನಡೆದಿದೆ. ಅವಳೂ ಸೋಲುವುದಿಲ್ಲ, ನಾನೂ ಇಲ್ಲ. ಒಂದೇ ರಕ್ತ.

ಮಾರ್ಚ್ 22, ಭಾನುವಾರ

ಕೆಳಗೆ ಆಟೋ ನಿಂತ ಸದ್ದು. ಆಮೇಲೆ ಆ ಗಂಟಲು.

“ಅರೆ ಮುನಿಆಂಜನಪ್ಪಣ್ಣ! ಇದೀರಾ, ಹೋದ್ರಾ?”

ಕಮರುನ್ನೀಸಾ. ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಬೈಂಡಿಂಗ್ ನೋಡಿಕೊಂಡವಳು. ನಾನು ಕತ್ತರಿಸಿದ್ದು, ಅವಳು ಹೊಲಿದದ್ದು. ಬೀಳುವ ತನಕ ಪ್ರತಿ ಭಾನುವಾರ ರಸೆಲ್ ಮಾರ್ಕೆಟ್ಟಿನ ಹಿಂದೆ ಅವಳ ತಮ್ಮನ ಅಂಗಡಿಯಲ್ಲಿ ಚಹಾ ಕುಡಿದು ಜಗಳವಾಡಿ ಬರುತ್ತಿದ್ದೆ. ಅವಳಿಗೆ ಎರಡೂ ಮಂಡಿ ಹೋಗಿವೆ. ಮೇಲೆ ಬರಲಾರಳು. ನಾನು ಕೆಳಗೆ ಹೋಗಲಾರೆ.

ಹಂಸ ಮನೆಯಲ್ಲೇ ಇದ್ದದ್ದರಿಂದ ಬಾಗಿಲು ತೆರೆದಿತ್ತು. ಮೊಗಸಾಲೆಯ ಗೋಡೆಯ ತನಕ ಹೋಗೋಣವೆಂದು ವಾಕರ್ ಹಿಡಿದು ಎದ್ದೆ. ಬಾಗಿಲ ಹೊಸ್ತಿಲಿಗೇ ಕಾಲು ನಡುಗಿತು. ವಾಪಸು ಕೂತೆ. ಅಲ್ಲಿಂದ ಕಂಡದ್ದು ಆಕಾಶ, ಮೇಲೊಂದು ವಿಮಾನ.

“ಮುಖ ತೋರ್ಸಿ ಸ್ವಲ್ಪ! ನಾನು ಏನು ಗೋಡೆ ಜೊತೆ ಮಾತಾಡೋಕೆ ಬಂದಿದೀನಾ?”

“ನಾನು ದಿನಾ ಅದೇ ಮಾಡ್ತಿದೀನಿ!” ಎಂದು ಕೂಗಿದೆ.

ರಂಜಾನ್ ಹಬ್ಬದ ಶಾವಿಗೆ ಪಾಯಸ, ಶೀರ್ ಖುರ್ಮಾ ತಂದಿದ್ದಳು. ನಂದಿತಾ ಹಗ್ಗಕ್ಕೆ ಬುಟ್ಟಿ ಕಟ್ಟಿ ಡಬ್ಬಿ ಎಳೆದುಕೊಂಡಳು. ಹಂಸ ಅದೇ ಬುಟ್ಟಿಯಲ್ಲಿ ಹೋಳಿಗೆ ಇಳಿಸಿದಳು. ಹೊರಡುವ ಮುಂಚೆ ಕಮರುನ್ನೀಸಾ ಕೂಗಿದಳು: “ಎರಡನೇ ಮಾಳಿಗೆ ಮೆಟ್ಟಿಲ ಹತ್ರ ದೊಡ್ಡ ಜಾಲರಿ ಇದೆ ನೋಡಿ, ರೋಡಿಂದ ಕಾಣ್ತದೆ. ಅಲ್ಲಿಗಂಟ ಬನ್ನಿ ಸಾಕು. ಬಂದ ದಿನ ಫೋನ್ ಮಾಡ್ಸಿ, ಬರ್ತೀನಿ. ನೀವು ಬರೋಗಂಟ ಬರಲ್ಲ ನಾನು, ಹೋಗಿ!”

ಆ ಜಾಲರಿ ಇರುವುದು ನಾನು ಬಿದ್ದ ಚೌಕದಲ್ಲೇ. ಹದಿನೇಳು ಮೆಟ್ಟಿಲು.

ಹಂಸ ಏನೋ ಹೇಳಲು ಬಂದಳು. ಟಿವಿ ಸೌಂಡು ಜಾಸ್ತಿ ಮಾಡಿದೆ. ಶೀರ್ ಖುರ್ಮಾಗೆ ಸಕ್ಕರೆ ಹೆಚ್ಚಾಗಿತ್ತು. ಡಬ್ಬಿ ಖಾಲಿ.

ಮಾರ್ಚ್ 25, ಬುಧವಾರ

ನಂದಿತಾ ಹೊಸ ಎಲೆ ತಂದಳು. ‘ಕೊಕ್ಕರೆ: ಆಡುವವರು ಎದ್ದು ಒಂಟಿ ಕಾಲಿನಲ್ಲಿ ನಿಂತು ಹತ್ತು ಎಣಿಸಬೇಕು. ನಿಂತರೆ ಐದು ಬೀಜ.’

“ಇದನ್ನ ಬರೆದೋನಿಗೆ ತಲೆ ಇದೆಯಾ?”

“ತೂಬು ಬಿದ್ದಿದೆ ತಾತ. ಮೂರು ಬೀಜ.”

ನನ್ನ ಹತ್ತಿರ ಉಳಿದದ್ದು ಎರಡೇ ಬೀಜ, ಅವಳ ಹತ್ತಿರ ಹದಿನಾಲ್ಕು. ಕೊಕ್ಕರೆ ನನ್ನ ಕೈಯಲ್ಲಿತ್ತು. ಸರಳು ಹಿಡಿದು ಎದ್ದೆ. ಒಳ್ಳೆಯ ಕಾಲಿನ ಮೇಲೆ ನಿಂತು ಹತ್ತು ಎಣಿಸಿದೆ. “ಕೆಳಗೆ ಸಣ್ಣದಾಗಿ ಬರೆದಿದೆ ನೋಡಿ,” ಎಂದಳು. ‘ಕಾಲು ಬದಲಿಸಿದರೆ ಹತ್ತು ಬೀಜ.’

ಬದಲಿಸಿದೆ. ನಾಲ್ಕರ ತನಕ ಎಣಿಸಿದೆ, ಕೂತುಬಿಟ್ಟೆ. ಆಮೇಲೆ ಆಟವನ್ನೂ ಸೋತೆ. ನಾಳೆ ನೋಡಿಕೊಳ್ಳುತ್ತೇನೆ ಅವಳನ್ನು.

ಮಾರ್ಚ್ 28, ಶನಿವಾರ

ಏಳು.

ಮಾರ್ಚ್ 31, ಮಂಗಳವಾರ

ಹತ್ತು. ಹತ್ತು ಬೀಜ ಎಣಿಸಿ ಕೊಟ್ಟಳು. ಗೆದ್ದೆ. ಅವಳು ಚಪ್ಪಾಳೆ ತಟ್ಟಿದಳು. ಸೋತವರು ಚಪ್ಪಾಳೆ ತಟ್ಟುವುದನ್ನು ಇದೇ ಮೊದಲು ನೋಡಿದ್ದು.

ಏಪ್ರಿಲ್ 2, ಗುರುವಾರ

ಇನ್ನೊಂದು ಹೊಸದು. ‘ನೀರಗಂಟಿ: ಅಡುಗೆಮನೆಗೆ ಹೋಗಿ ತುಂಬಿದ ಲೋಟ ನೀರು ತಂದು ಎದುರಾಳಿಗೆ ಕೊಡಬೇಕು. ಚೆಲ್ಲಿದರೆ ಎಲೆ ವ್ಯರ್ಥ.’

ಒಂದು ಕೈಗೆ ಲೋಟ ಬಂದರೆ ವಾಕರ್ ಹಿಡಿಯುವುದು ಹೇಗೆ? ಕೇಳಿದೆ. ರೂಲ್ಸಿನಲ್ಲಿ ವಾಕರ್ ಬಗ್ಗೆ ಏನೂ ಬರೆದಿಲ್ಲ ಎಂದಳು. ಗೋಡೆ ಹಿಡಿದುಕೊಂಡು ಹೋದೆ. ಅರ್ಧ ಚೆಲ್ಲಿತು. ಅರ್ಧ ತಂದದ್ದಕ್ಕೆ ಅರ್ಧ ಬೀಜ ಕೊಡು ಎಂದೆ. ಹುಣಸೆಬೀಜ ಅರ್ಧ ಮಾಡೋಕಾಗಲ್ಲ ಎಂದಳು. ಒಂದು ಗಂಟೆ ವಾದ.

ಏಪ್ರಿಲ್ 4, ಶನಿವಾರ

ನಾಲ್ಕು ಲೋಟ. ಒಂದು ತೊಟ್ಟೂ ಚೆಲ್ಲಲಿಲ್ಲ. “ಹೊಟ್ಟೆ ತುಂಬೋಯ್ತು ತಾತ, ಸಾಕು,” ಎಂದು ಅವಳೇ ಕೈಮುಗಿದಳು.

ವಾಕರ್ ಎಲ್ಲಿಟ್ಟೆನೋ ಸಂಜೆ ಹುಡುಕಿದೆ. ಅಡುಗೆಮನೆಯಲ್ಲಿತ್ತು.

ಏಪ್ರಿಲ್ 6, ಸೋಮವಾರ

ಕೊಕ್ಕರೆ, ನೀರಗಂಟಿ ಪಂದ್ಯಕ್ಕೆ ಯಾವಾಗ ಬರುತ್ತವೆ ಎಂದು ಕೇಳಿದೆ. ಚೆನ್ನಾಗಿವೆ, ತಿದ್ದುವುದೇನೂ ಇಲ್ಲ ಎಂದೆ.

“ಅವು ಬರಲ್ಲ ತಾತ. ಎದ್ದು ಓಡಾಡೋ ಕಾರ್ಡುಗಳನ್ನ ಪಂದ್ಯಕ್ಕೆ ಬಿಡೋ ಹಾಗೇ ಇಲ್ಲ. ಎಲ್ಲರ ಕೈಲೂ ಆಗ್ಬೇಕಲ್ವಾ.”

“ಬಿಡೋ ಹಾಗಿಲ್ಲ ಅಂತ ಮೊದಲೇ ಗೊತ್ತಿತ್ತಾ?”

“ಹ್ಞೂಂ.”

“ಮತ್ತೆ ನನ್ನ ಹತ್ರ ಯಾಕೆ ಆಡಿಸ್ತಿದೀಯ?”

ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಎದ್ದುಹೋದಳು. ಅವಳು ಹಾಲು ಕುಡಿಯುವವಳೇ ಅಲ್ಲ, ಕಪ್ಪು ಕಾಫಿ.

ಏಪ್ರಿಲ್ 7, ಮಂಗಳವಾರ

ಎಲೆಗಳು ನನ್ನ ಹತ್ತಿರವೇ ಇದ್ದವು. ಕನ್ನಡಕ ಹಾಕಿಕೊಂಡು ಕೊಕ್ಕರೆ, ನೀರಗಂಟಿ ಎರಡನ್ನೂ ಬೆಳಕಿಗೆ ಹಿಡಿದೆ.

ಇವನ್ನು ನಾನು ಕತ್ತರಿಸಿಲ್ಲ. ನಂದಿತಾಳೂ ಅಲ್ಲ. ಅವಳ ಕತ್ತರಿ ಅಂಕುಡೊಂಕಾಗಿ ಹೋಗುತ್ತದೆ, ಆದರೆ ಕಾಗದ ಕಡಿಯುತ್ತದೆ. ಇದು ಕಡಿದದ್ದಲ್ಲ, ಅಗಿದದ್ದು. ಬಲಗೈಯವರ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಎರಡು ಅಲಗೂ ಒಂದನ್ನೊಂದು ಬಿಟ್ಟು ನಿಲ್ಲುತ್ತವೆ. ಕಾಗದ ಸಂದಿಗೆ ಸಿಕ್ಕಿ ಮಡಚಿ, ಹರಿದುಕೊಂಡು ಮುಂದೆ ಹೋಗುತ್ತದೆ. ಅಂಚು ಹೀಗೇ ಆಗುತ್ತದೆ.

ಮೇಲೆ ಅಂಟಿಸಿದ ಕಾಗದ ತೆಳುನೀಲಿ, ದಪ್ಪ. ಲ್ಯಾಬಿನಲ್ಲಿ ರಿಪೋರ್ಟು ಹಾಕಿಕೊಡುವ ಕವರಿನದು. ಅಂಥದ್ದು ನನ್ನ ಹಾಸಿಗೆಯ ಕೆಳಗೇ ನಾಲ್ಕಿವೆ. ಬರೆದ ಇಂಕು ಬಲಕ್ಕೆ ಒರೆಸಿಹೋಗಿದೆ, ಬರೆದ ಕೈಯೇ ಅದರ ಮೇಲೆ ಹಾದುಹೋದ ಹಾಗೆ.

ಹಂಸ.

ಏಪ್ರಿಲ್ 8, ಬುಧವಾರ

ಹಂಸಳಿಗೆ ಆಗ ಒಂಬತ್ತು ವರ್ಷ ಇರಬೇಕು. ಬೇಸಿಗೆ ರಜೆಯಲ್ಲಿ ಪ್ರೆಸ್ಸಿಗೆ ಬಂದು ಲೇಬಲ್ ಕತ್ತರಿಸಲು ಕೂರುತ್ತಿದ್ದಳು. ಎಡಗೈಯಲ್ಲಿ ಕತ್ತರಿ. ಮಾಲು ಹಾಳಾಗುತ್ತದೆ ಎಂದು ಸ್ಟೀಲ್ ಸ್ಕೇಲಿನಿಂದ ಆ ಕೈಗೆ ಹೊಡೆಯುತ್ತಿದ್ದೆ. ಒಂದು ದಿನವಲ್ಲ. ಕಮರುನ್ನೀಸಾ ಬಂದು ಸ್ಕೇಲು ಕಿತ್ತುಕೊಂಡಿದ್ದಳು. ಆಮೇಲಿನಿಂದ ಹಂಸ ನನ್ನೆದುರಿಗೆ ಊಟವೂ ಬಲಗೈ, ಬರೆಯುವುದೂ ಬಲಗೈ.

ಅದೇ ಸ್ಕೇಲು. ಟ್ರಂಕಿನಲ್ಲಿ ಇದ್ದದ್ದು ಅದೇ.

ಇವತ್ತು ಅವಳು ಹುರುಳಿಕಾಯಿ ಹೆಚ್ಚುವಾಗ ಟಿವಿ ನೋಡುವವನ ಹಾಗೆ ಕೂತು ಓರೆಗಣ್ಣಿಂದ ನೋಡಿದೆ. ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ಎಡಗೈ. ಚಕಚಕ ಹೆಚ್ಚುತ್ತಾಳೆ. ನಾನು ಕೆಮ್ಮಿದೆ. ಚಾಕು ಬಲಗೈಗೆ ಹೋಯಿತು. ಅವಳಿಗೀಗ ನಲವತ್ತಮೂರು.

ಎರಡೂ ಎಲೆಯ ಅಂಚನ್ನು ನೇರ ಮಾಡೋಣವೆಂದು ಬ್ಲೇಡು ತೆಗೆದೆ. ಕೈ ಹೋಗಲಿಲ್ಲ. ಹಾಗೇ ಇರಲಿ.

ಏಪ್ರಿಲ್ 9, ಗುರುವಾರ

ನಂದಿತಾಳಿಗೆ ಏನೂ ಹೇಳಿಲ್ಲ. ಕೊಕ್ಕರೆ ಆಡಿದೆ. ಇಪ್ಪತ್ತರ ತನಕ ಎಣಿಸಿದೆ. ಹತ್ತೇ ಸಾಕು ತಾತ ಎಂದಳು. ಗೊತ್ತು ಎಂದೆ.

ಏಪ್ರಿಲ್ 11, ಶನಿವಾರ

ಒಂದು ಎಲೆ ಮಾಡಿದ್ದೇನೆ. ಅರವತ್ತಮೂರು, ಎಂಬತ್ತೆಂಟು. ಮೇಲೆ ಕಪ್ಪು ಪಟ್ಟಿ, ಅವರ ಹಾಗೆಯೇ. ಚಿತ್ರ ಬರೆಯಲು ಬರುವುದಿಲ್ಲ, ಒಂದು ಬೀಗ ಬರೆಯಲು ಹೋದೆ, ಮಡಕೆಯ ಹಾಗೆ ಕಾಣುತ್ತದೆ. ಅಪ್ಪಣೆಯನ್ನು ನಾಲ್ಕು ಸಲ ತಿದ್ದಿ ಬರೆದೆ. ಮೊದಲು ಬರೆದದ್ದರಲ್ಲಿ ಬೈಗುಳ ಇತ್ತು.

ಫೋನಿನಲ್ಲಿ ಕಮರುನ್ನೀಸಾಗೆ ನಾಳೆ ಹತ್ತಕ್ಕೆ ಬಾ ಎಂದಿದ್ದೇನೆ. “ಬೀಳಲ್ಲ ತಾನೆ?” ಎಂದಳು. ಬಿದ್ದರೂ ನೋಡೋಕೆ ನೀನಿರ್ತೀಯಲ್ಲ ಎಂದೆ.

ಏಪ್ರಿಲ್ 12, ಭಾನುವಾರ

ತಿಂಡಿ ಆದ ಮೇಲೆ ಹಂಸ ತರಕಾರಿ ತರಲು ಹೊರಟಳು. ಭಾನುವಾರವೂ ಹೊರಗೆ ಹೋಗುವಾಗ ಬೀಗ ಹಾಕುತ್ತಾಳೆ. ಬೀಗ ಕೈಯಲ್ಲಿತ್ತು. ಎಲೆಯನ್ನು ಟೇಬಲ್ಲಿನ ಮೇಲೆ ಇಟ್ಟೆ.

ಎತ್ತಿಕೊಂಡು ಓದಿದಳು. ‘ಬೀಗ: ಈ ಎಲೆ ಬಿದ್ದರೆ ಎದುರಾಳಿ ಬೀಗ ಬಿಟ್ಟುಕೊಡಬೇಕು. ಆಡುವವರು ಹದಿನೇಳು ಮೆಟ್ಟಿಲು ಇಳಿಯಬೇಕು. ಒಬ್ಬರೇ ಇಳಿಯಕೂಡದು.’

ಅಂಚನ್ನು ಸವರಿದಳು, ನಂದಿತಾಳ ಹಾಗೆ ಹೆಬ್ಬೆರಳಿಂದ. ಅದನ್ನು ನಾನು ಬ್ಲೇಡಿನಿಂದ ಕತ್ತರಿಸಿರಲಿಲ್ಲ. ಕತ್ತರಿ ಎಡಗೈಯಲ್ಲಿ ಹಿಡಿದು ಕತ್ತರಿಸಿದ್ದೆ. ಎಷ್ಟು ಕಷ್ಟ ಅದು. ಎಂಬತ್ತೆಂಟು ಮಿಲಿಮೀಟರ್ ಹೋಗುವಷ್ಟರಲ್ಲಿ ಬೆರಳು ಕೆಂಪಾಗಿತ್ತು.

“ಇದು ಪಂದ್ಯಕ್ಕಿಲ್ಲ ಅಪ್ಪ,” ಎಂದಳು.

“ಆಡಿ ನೋಡೋಕಂತೂ ಇದೆಯಲ್ಲ.”

ಬೀಗ ಟೇಬಲ್ಲಿನ ಮೇಲೆ ಇಟ್ಟಳು. ಅಷ್ಟರಲ್ಲಿ ನಂದಿತಾಳೂ ಮೊಗಸಾಲೆಗೆ ಬಂದು ನಿಂತಿದ್ದಳು, ತನಗೇನೂ ಗೊತ್ತಿಲ್ಲದವಳ ಹಾಗೆ.

ಮೆಟ್ಟಿಲ ತಲೆಯಲ್ಲಿ ನಿಂತೆ. ಬಲಕ್ಕೆ ಕಂಬಿ. ಕೆಳಗಿನ ಚೌಕ ಕಾಣಿಸಿತು. ಕಾಲು ಅಲುಗಲಿಲ್ಲ. ಕಾಲಿಗೇನೂ ಆಗಿರಲಿಲ್ಲ, ನನಗೇ ಆಗಿತ್ತು. ಹಂಸ ಒಂದು ಮೆಟ್ಟಿಲು ಇಳಿದು ನನ್ನ ಕಡೆ ತಿರುಗಿ ಕೈ ಚಾಚಿದಳು. ಬಲಗೈ.

“ಆ ಕೈ ಅಲ್ಲ,” ಎಂದೆ.

“ಮತ್ತೆ?”

“ನಿನ್ನ ಕೈ ಕೊಡು.”

ಅವಳು ನನ್ನನ್ನೇ ನೋಡಿದಳು. ಆಮೇಲೆ ಬಲಗೈ ಹಿಂದೆಗೆದು ಎಡಗೈ ಕೊಟ್ಟಳು. ಗಟ್ಟಿ ಕೈ. ಯಾರ ರಕ್ತ ತೆಗೆದರೂ ನೋಯುವುದಿಲ್ಲವಂತೆ, ಲ್ಯಾಬಿನಲ್ಲಿ ಜನ ಅವಳನ್ನೇ ಕೇಳಿಕೊಂಡು ಬರುತ್ತಾರಂತೆ. ಇಳಿಯುತ್ತಾ ಇಳಿಯುತ್ತಾ ಹೇಳಿದಳು. ನನಗೆ ಗೊತ್ತಿರಲಿಲ್ಲ. ಯಾವತ್ತೂ ಕೇಳಿರಲಿಲ್ಲ.

ಹದಿನೇಳು. ನಡುವೆ ಎರಡು ಸಲ ನಿಂತೆ. ಚೌಕದಲ್ಲಿ ನಂದಿತಾ ಮೊದಲೇ ಸ್ಟೂಲು ಇಟ್ಟಿದ್ದಳು, ನಾನು ಕೂರಲಿಲ್ಲ. ಜಾಲರಿಗೆ ಮುಖ ಕೊಟ್ಟೆ. ರಸ್ತೆ. ಎಳನೀರಿನ ಗಾಡಿ, ನಾಯಿ, ಆಟೋ. ಆಟೋದ ಪಕ್ಕದಲ್ಲಿ ಕಪ್ಪು ಬುರ್ಖಾ, ಕೈ ಹಣೆಗೆ ಅಡ್ಡ.

“ಮುಖ ನೋಡಿದ್ರೆ ಸಮಾಧಾನ ಆಗ್ತದೆ ಅನ್ಕೊಂಡಿದ್ದೆ!” ಎಂದು ಕಮರುನ್ನೀಸಾ ಕೂಗಿದಳು. “ಇನ್ನೂ ಅದೇ ಮುಖ!”

ಹಂಸ ನಕ್ಕಳು. ಕೈ ಬಿಟ್ಟಿರಲಿಲ್ಲ.

ಹತ್ತುವುದು ಇಳಿಯುವುದಕ್ಕಿಂತ ಕಷ್ಟ, ತೊಡೆ ಉರಿಯುತ್ತಿದೆ. ಹಂಸ ಆಮೇಲೆ ತರಕಾರಿಗೆ ಹೋದಳು. ಬಾಗಿಲನ್ನು ಸುಮ್ಮನೆ ಎಳೆದುಕೊಂಡು ಹೋದಳು. ನಾನು ಕಿಟಕಿಯ ಹತ್ತಿರ ಕೂತಿದ್ದೇನೆ, ನಂದಿತಾ ಎಲೆ ಹಂಚುತ್ತಿದ್ದಾಳೆ. ಫ್ಯಾನಿನ ಗಾಳಿಗೆ ಹಾರದಿರಲೆಂದು ಕಟ್ಟಿನ ಮೇಲೆ ಬೀಗ ಇಟ್ಟಿದ್ದೇನೆ. ಒಳ್ಳೆಯ ತೂಕ ಇದೆ.